ಅಂಟು ಹಿಡಿಯದ ಡ್ಯಾಶ್‌ಬೋರ್ಡು

ಅಂಗಡಿಯ ಶಟರ್ ಎತ್ತಿದ ವಿನೋದ ದೇವರ ಪಟಕ್ಕೆ ಕೈಮುಗಿಯುವ ಮೊದಲೇ ಮೇಜಿನ ಮೇಲಿದ್ದ ಬಟ್ಟೆ ಎತ್ತಿ ನೋಡಿದ. ನಿನ್ನೆ ಸಂಜೆ ಉಸಿರು ಬಿಗಿಹಿಡಿದು ಕೂಡಿಸಿಟ್ಟಿದ್ದ ಎರಡು ತುಂಡುಗಳು ಜಗಳವಾಡಿ ಮಲಗಿದ ಗಂಡ ಹೆಂಡಿರ ಹಾಗೆ ಒಂದು ಆ ಕಡೆ, ಒಂದು ಈ ಕಡೆ ಮುಖ ಮಾಡಿಕೊಂಡು ಬಿದ್ದಿದ್ದವು. ಅಂಟು ಮಾತ್ರ ನಡುವೆ ಒಣಗಿದ ಗಂಜಿಯಂತೆ ಸಿಪ್ಪೆಯೆದ್ದಿತ್ತು.

"ಹಾಳಾಗಿ ಹೋಗು," ಎಂದ ವಿನೋದ, ಪ್ಲಾಸ್ಟಿಕ್ಕಿಗೆ.

ಹೊನ್ನಾವರದ ಬಸ್‌ಸ್ಟ್ಯಾಂಡಿನಿಂದ ಬಜಾರಿಗೆ ಇಳಿಯುವ ರಸ್ತೆಯಲ್ಲಿ ಅವನದು ರಿಪೇರಿ ಅಂಗಡಿ. ಮೊದಲು ರೇಡಿಯೋ, ಆಮೇಲೆ ಟಿವಿ, ಈಗ ಮೊಬೈಲು. ಎಳ್ಳಿನಷ್ಟು ಸಣ್ಣ ಭಾಗವನ್ನು ಚಿಮಟದಲ್ಲಿ ಎತ್ತಿ ಬೆಸುಗೆ ಹಾಕುವಾಗಲೂ ಕೈ ನಡುಗದ ಆಸಾಮಿ. ಮಾವಿನಕುರ್ವೆಯ ಮೀನುಗಾರರು ಹೊಳೆಗೆ ಬಿದ್ದ ಫೋನನ್ನು ಹಿಡಿದುಕೊಂಡು ಬಂದರೆ ಅದರ ಹೊಟ್ಟೆಯ ನೀರು ಬಸಿದು ಜೀವ ಬರಿಸಿ ಕಳಿಸುತ್ತಿದ್ದ. ಅಂಥವನಿಗೆ ಈ ಹಳೇ ಫಿಯೆಟ್ ಕಾರಿನ ಡ್ಯಾಶ್‌ಬೋರ್ಡು ನೀರು ಕುಡಿಸಿತ್ತು. ಸಾಮಾನು ಇಡುವ ಪೆಟ್ಟಿಗೆಯ ಮುಚ್ಚಳ ಎರಡು ಹೋಳು. ಮೀಟರಿನ ಸುತ್ತಲ ಚೌಕಟ್ಟನ್ನು ಹಿಡಿದಿಡಬೇಕಾದ ಸಣ್ಣ ಕಿವಿಗಳೆಲ್ಲ ಕಳಚಿದ್ದವು. ಮೇಲಿನ ಹೊದಿಕೆ ಬೇಸಗೆಯ ಗದ್ದೆಯ ಹಾಗೆ ಬಿರಿದಿತ್ತು. ಒಂದನ್ನು ಅಂಟಿಸಿದರೆ ಇನ್ನೊಂದು ಬಿಡುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಇಲ್ಲಿ ಎತ್ತೂ ಕೋಣವೂ ಎರಡೂ ಪ್ಲಾಸ್ಟಿಕ್ಕಿನವೇ.

ಪಕ್ಕದ ಚಪ್ಪಲಿ ಅಂಗಡಿಯ ದೇವು ಕತ್ತು ಚಾಚಿದ. "ಮತ್ತೆ ಬಿಡ್ತಾ?"

"ಇಲ್ಲ, ಸುಮ್ನೆ ಮೈ ಮುರೀತಾ ಇದೆ."

"ನಾ ಹೇಳಿದ್ನಲ್ಲ ಮಾರಾಯ, ಚಪ್ಪಲಿ ಗಮ್ಮು ಹಾಕು. ಆನೆ ಎಳೆದ್ರೂ ಬಿಡೂದಿಲ್ಲ."

"ಹೋದ ವಾರ ನಿನ್ನ ಗಮ್ಮೇ ಹಾಕಿದ್ದು. ಇರುವೆ ಎಳೆಯೂದೂ ಬೇಕಾಗ್ಲಿಲ್ಲ, ಅದೇ ಬಿಡ್ತು," ಎಂದ ವಿನೋದ. ದೇವು ಬೇಸರಿಸಿಕೊಳ್ಳದೆ, ಹಾಗಾದರೆ ಬೆಲ್ಲ ಸುಣ್ಣ ಕಲಸಿ ಹಚ್ಚಿ ನೋಡು ಎಂದ. ಹೊನ್ನಾವರದಲ್ಲಿ ಸಲಹೆಗೆ ಯಾವತ್ತೂ ಬರಗಾಲವಿಲ್ಲ.

ಕಾರು ವಿನೋದನದಲ್ಲ. ಅವನ ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಕುಮಟೆ, ಹೊನ್ನಾವರ, ಭಟ್ಕಳದ ಎಷ್ಟೋ ಮದುವಣಗಿತ್ತಿಯರು ಅದರಲ್ಲಿ ಕೂತೇ ಗಂಡನ ಮನೆಗೆ ಹೋಗಿದ್ದರು. ಬಾಡಿಗೆ ಇಲ್ಲದ ದಿನ ಮಕ್ಕಳಿಗೂ ಒಂದು ಸುತ್ತು. ಮುಂದಿನ ಸೀಟು ಯಾವಾಗಲೂ ಅಣ್ಣ ಮಹಾಗಣಪತಿಗೆ. ದೊಡ್ಡವನು ಎಂಬ ಒಂದೇ ಕಾರಣಕ್ಕೆ. ವಿನೋದ ಹಿಂದೆ, ಸ್ಟೆಪ್ನಿ ಟಯರಿನ ವಾಸನೆಯಲ್ಲಿ. ಅಪ್ಪ ಹೋದ ಮೇಲೆ ಆಸ್ತಿ ಹಿಸೆಯಾದಾಗ ಕಾರೂ ಅಣ್ಣನ ಪಾಲಿಗೇ ಹೋಯಿತು. ಆಗ ವಿನೋದ ನಾಲ್ಕು ಜನರೆದುರು ಬಾಯಿ ಬಿಟ್ಟಿದ್ದ: "ನೀ ಕಾರು ಇಟ್ಕಂಡು ಎಂತ ಮಾಡ್ತಿ? ಒಂದು ಗುಂಡಿ ಕಿತ್ತು ಬಂದ್ರೆ ಹಾಕೂಕೆ ಬರೂದಿಲ್ಲ ನಿಂಗೆ." ಅಣ್ಣನೂ ಬಿಟ್ಟಿರಲಿಲ್ಲ. "ಗುಂಡಿ ಕಿತ್ತು ಬಂದ್ರೂ, ಗಾಲಿ ಕಿತ್ತು ಬಂದ್ರೂ ನಿನ್ನ ಮನೆ ಬಾಗ್ಲು ತುಳಿಯೂದಿಲ್ಲ," ಎಂದು ಹೇಳಿ ಕುಮಟೆಗೆ ಹೋದವನು ಈವರೆಗೆ ತುಳಿದಿರಲಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಕಟ್ಟಿದವನು ಎಲ್ಲೋ ಇವರ ಮನೆಯ ಜಗುಲಿಯಲ್ಲೇ ಕೂತು ಕಟ್ಟಿರಬೇಕು.

ಈಗ ಮಹಾಗಣಪತಿಯ ಮಗಳು ಅಂಕಿತಾಳ ಮದುವೆ. ಗಂಡು ಭಟ್ಕಳದವನು, ಮದುವೆಯೂ ಭಟ್ಕಳದಲ್ಲೇ. ಸಣ್ಣವಳಿದ್ದಾಗ ಚಿಕ್ಕಪ್ಪನ ಮೇಜಿನ ಮೇಲೆ ಕೂತು ರೇಡಿಯೋದ ಹೊಟ್ಟೆ ಬಗೆದವಳು ಅವಳು. ಹೋದ ತಿಂಗಳು ಒಂದು ಹಳೇ ಬೆಡ್‌ಶೀಟಿನ ಗಂಟು ಹೊತ್ತುಕೊಂಡು ಬಸ್ಸಿಳಿದು ಬಂದಿದ್ದಳು. ಕುಮಟೆಯ ಯಾವನೋ ಮೆಕ್ಯಾನಿಕ್ಕು ವೈರು ನೋಡುತ್ತೇನೆಂದು ಡ್ಯಾಶ್‌ಬೋರ್ಡನ್ನು ಹಲಸಿನಹಣ್ಣು ಬಿಡಿಸಿದ ಹಾಗೆ ಬಿಡಿಸಿಬಿಟ್ಟಿದ್ದ.

"ಚಿಕ್ಕಪ್ಪ, ನಾ ಮದುವೆಗೆ ಹೋಗೂದಾದ್ರೆ ಅಜ್ಜನ ಕಾರಲ್ಲೇ. ನೀ ಇದನ್ನ ಸರಿ ಮಾಡು. ಅಪ್ಪಂಗೆ ಗೊತ್ತಿಲ್ಲ," ಎಂದಿದ್ದಳು.

"ಮಾಡ್ತೆ. ಆದ್ರೆ ಮದುವೆಗೆ ಬಾ ಅಂದೇಳಿ ನೀ ಕರೀಬೇಡ. ನೀ ಕರೆದ್ರೆ ಆಗೂದಿಲ್ಲ."

ಅವಳು ಕರೆದರೆ ಆಗುವುದಿಲ್ಲ, ನಿಜ. ಇವರ ಕಡೆ ಪತ್ರಿಕೆ ಊರಿಗೆ, ಕರೆ ಒಡಹುಟ್ಟಿದವರಿಗೆ. ಮನೆಯ ಹಿರಿಯ ಬಾಗಿಲಿಗೆ ಬಂದು, ಅಕ್ಷತೆ ಕೊಟ್ಟು, ಬಾಯಿಬಿಟ್ಟು ಬನ್ನಿ ಎನ್ನಬೇಕು. ಹಾಗೆ ಕರೆಯದ ಮದುವೆಗೆ ಹೋಗಿ ಉಂಡು ಬಂದವನನ್ನು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ವಿನೋದನಿಗೆ ಪತ್ರಿಕೆ ಬಂದಿತ್ತು, ವಾಟ್ಸಾಪಿನಲ್ಲಿ. ಕೆಳಗೆ "ಸರ್ವರಿಗೂ ಆದರದ ಸ್ವಾಗತ" ಎಂದಿತ್ತು. ಅದನ್ನು ನೋಡಿ ಅವನು ಫೋನನ್ನು ಕವುಚಿ ಹಾಕಿ ಅರ್ಧ ದಿನ ಅದನ್ನು ಮುಟ್ಟಿರಲಿಲ್ಲ. ಅಂಕಿತಾಳ ಮದುವೆಗೆ ಹೋಗದೆ ಉಳಿದರೆ ಅವನ ಎದೆ ಒಡೆಯುತ್ತದೆ. ಕರೆಯದೆ ಹೋದರೆ ಮೂಗು ಕೊಯ್ದ ಹಾಗಾಗುತ್ತದೆ. ಹೀಗಿರುವಾಗ ತಾನು ಕೂರಲಾರದ ಕಾರಿಗೆ ತಾನೇ ಅಂಟು ಹಚ್ಚುತ್ತ ಕೂತಿದ್ದ.

ಆ ಅಂಟಾದರೂ ಹಿಡಿಯಬೇಕಲ್ಲ. ಸಣ್ಣ ಟ್ಯೂಬಿನ ಅಂಟು ಹಾಕಿದ; ಅವನ ಬೆರಳುಗಳು ಒಂದಕ್ಕೊಂದು ಅಂಟಿದವೇ ಹೊರತು ಮುಚ್ಚಳ ಅಂಟಲಿಲ್ಲ. ಎರಡು ಟ್ಯೂಬು ಕಲಸುವ ಅಂಟು ಹಾಕಿದ. ಕಲ್ಲಾಯಿತು, ಕಲ್ಲಾಗಿಯೇ ಕಳಚಿ ಬಿತ್ತು. ಬೆಸುಗೆಯ ಕಡ್ಡಿ ಕಾಯಿಸಿ ತಂತಿಯಲ್ಲಿ ಹೊಲಿಗೆ ಹಾಕಿದ. ಹೊಲಿದಲ್ಲಿ ಬಿಟ್ಟು ಪಕ್ಕದಲ್ಲಿ ಹೊಸ ಬಿರುಕು ಬಂತು. ಪ್ರತಿ ಸಲವೂ ಮೊಬೈಲ್ ತೊಳೆಯುವ ಸ್ಪಿರಿಟ್ಟಿನಲ್ಲಿ ಒರೆಸಿಯೇ ಹಚ್ಚುತ್ತಿದ್ದ. ಬೆಳಿಗ್ಗೆ ಗಟ್ಟಿ ನಿಂತದ್ದು ಮಧ್ಯಾಹ್ನ ತಗಡಿನ ಮಾಡು ಕಾದ ಹೊತ್ತಿಗೆ ಮೆಲ್ಲಗೆ ಜಾರುತ್ತಿತ್ತು.

ಹೊಸ ಭಾಗ ಸಿಗುತ್ತದೋ ಎಂದೂ ನೋಡಿದ. ಹುಬ್ಬಳ್ಳಿಯ ಗುಜರಿಯವನು ಫೋನಿನಲ್ಲಿ ಗಟ್ಟಿಯಾಗಿ ನಕ್ಕು ಇಟ್ಟ. ಮುಂಬಯಿಯವನೊಬ್ಬ ಇದೆ ಎಂದು ಹೇಳಿ ಬೇರೆಯೇ ಕಾರಿನ ಫೋಟೋ ಕಳಿಸಿದ. ಕೊನೆಗೆ ಭಟ್ಕಳದ ಹತ್ತಿರದ ಜಾಲಿ ಎಂಬ ಊರಲ್ಲಿ ಒಬ್ಬ ಸಾಹೇಬರ ಹಿತ್ತಲಲ್ಲಿ ಇದೇ ಮಾದರಿಯ ಕಾರು ನಿಂತಿದೆ ಎಂದು ತಿಳಿದು ಬೈಕು ಹತ್ತಿ ಹೋದ. ಸಾಹೇಬರು ಒಳ್ಳೆಯವರು. ಊಟ ಮಾಡಿಸದೆ ಕಾರಿನ ಹತ್ತಿರ ಬಿಡಲಿಲ್ಲ, ಬೇಕಾದ್ದು ಬಿಚ್ಚಿಕೊಳ್ಳಿ ಎಂದರು. ಕಾರಿನೊಳಗೆ ಕೋಳಿ ಮೊಟ್ಟೆಗೆ ಕೂತಿತ್ತು. ಅದನ್ನು ಉಪಾಯವಾಗಿ ಎಬ್ಬಿಸಿ, ಅದರ ಹತ್ತಿರ ಕುಕ್ಕಿಸಿಕೊಂಡು, ಮುಚ್ಚಳದ ಸ್ಕ್ರೂವಿಗೆ ವಿನೋದ ಮೆತ್ತಗೆ ಕೈ ಹಾಕಿದ. ಇಡೀ ಮುಚ್ಚಳ ಸುಟ್ಟ ಹಪ್ಪಳದಂತೆ ಪುಡಿಪುಡಿಯಾಗಿ ಮೊಟ್ಟೆಗಳ ಮೇಲೆ ಉದುರಿತು. ಸಾಹೇಬರು, "ಬಿಸಿಲಿಗೆ ಒಣಗಿ ಹಾಗಾಗಿದೆ, ಬೇಜಾರು ಮಾಡ್ಕೋಬೇಡಿ," ಎಂದು ಅವನನ್ನೇ ಸಮಾಧಾನ ಮಾಡಿ ಕಳಿಸಿದರು. ವಾಪಸು ಬರುವಾಗ ಹೆದ್ದಾರಿಯ ಧೂಳು ತಿನ್ನುತ್ತ ವಿನೋದ ಫಿಯೆಟ್ಟನ್ನು, ಬಿಸಿಲನ್ನು, ಕೋಳಿಯನ್ನು, ಎಲ್ಲಕ್ಕಿಂತ ಹೆಚ್ಚಾಗಿ ಅಣ್ಣನನ್ನು ಬೈದ.

ಮದುವೆಗೆ ವಾರವಿರುವಾಗ, ಅಂಗಡಿಯ ಸೆಕೆಯೇ ಕೆಡಿಸುತ್ತಿದೆಯೇನೋ ಎಂದುಕೊಂಡು ತುಂಡುಗಳನ್ನೆಲ್ಲ ಮನೆಗೆ ತಂದ. ಮತ್ತೆ ಅಂಟಿಸಿ, ಹಿತ್ತಲ ಬಾವಿಕಟ್ಟೆಯ ಹತ್ತಿರ ಚಾಪೆಯ ಮೇಲೆ ಇಟ್ಟು, ಉಣ್ಣಲು ಕೂತ. ಹೆಂಡತಿ ಕಲ್ಪನಾ ಹಪ್ಪಳ ಒಣಹಾಕಲು ಹೋದವಳು ಅಲ್ಲಿಂದಲೇ ಹೇಳಿದಳು.

"ನಿಮ್ಮ ಡ್ಯಾಶ್‌ಬೋರ್ಡಿಗೆ ಇರುವೆ ಹತ್ತಿದಾವೆ."

"ಪ್ಲಾಸ್ಟಿಕ್ಕಿಗೆ ಇರುವೆ ಎಂತಕ್ಕೆ ಹತ್ತೂದು?"

"ನನ್ನ ಕೇಳಿದ್ರೆ? ಇರುವೆ ಕೇಳಿ."

ಎಂಜಲುಗೈಯಲ್ಲೇ ಎದ್ದು ಹೋದ. ಬಾವಿಕಟ್ಟೆಯಿಂದ ಚಾಪೆಯವರೆಗೆ ಕೆಂಪಿರುವೆಯ ಸಾಲು. ಹಪ್ಪಳವನ್ನು ಮೂಸಿಯೂ ನೋಡದೆ ಬಿರುಕಿನೊಳಗೇ ಇಳಿಯುತ್ತಿದ್ದವು. ಕೈ ತೊಳೆದು ಬಂದು ಪೇಪರಿನ ಚೂರೊಂದನ್ನು ಬಿರುಕಿಗೆ ಒತ್ತಿ ತೆಗೆದ. ಪೇಪರಿನ ಅಂಚು ಎಣ್ಣೆ ಕುಡಿದು ಮಸುಕುಗನ್ನಡಿಯ ಹಾಗಾಗಿತ್ತು. ಮೂಗಿಗೆ ಹಿಡಿದ. ಕೊಬ್ಬರಿ ಎಣ್ಣೆ.

ಮೇಲೆ ಮೇಲೆ ಒರೆಸಿದ್ದ, ಸರಿ. ವರ್ಷಾನುಗಟ್ಟಲೆ ಪ್ಲಾಸ್ಟಿಕ್ಕಿನ ಹೊಟ್ಟೆಗೆ ಇಳಿದ ಎಣ್ಣೆ ಸೆಕೆಗೆ ಬೆವರಿ ಅಂಟನ್ನು ಎಬ್ಬಿಸುತ್ತಿತ್ತು. ಇಷ್ಟು ದಿನ ಮೂಗಿನ ಬುಡದಲ್ಲೇ ಇಟ್ಟುಕೊಂಡು ಕೂತಿದ್ದರೂ ಅವನಿಗೆ ವಾಸನೆ ಬಂದಿರಲಿಲ್ಲ. ಬರುವುದಾದರೂ ಹೇಗೆ? ಅವನ ತಲೆಯಲ್ಲಿ ಅದೇ ಎಣ್ಣೆ, ಕಲ್ಪನಾಳ ಜಡೆಯಲ್ಲಿ ಅದೇ, ಬೆಳಗಿನ ದೋಸೆಯ ಕಾವಲಿಯಲ್ಲಿ ಅದೇ, ದೇವರ ದೀಪದಲ್ಲಿ ಅದೇ, ದೇವು ತೊಡೆ ನೋವಿಗೆ ಉಜ್ಜಿಕೊಳ್ಳುವುದೂ ಅದೇ. ಘಟ್ಟದ ಮೇಲಿನವನೊಬ್ಬ ಅಂಗಡಿಗೆ ಕಾಲಿಟ್ಟಿದ್ದರೆ ಮೊದಲ ದಿನವೇ ಹೇಳಿಬಿಡುತ್ತಿದ್ದ.

ವಿನೋದನ ಸಿಟ್ಟು ನೆತ್ತಿಗೇರಿತು. ಫೋನು ತೆಗೆದು, ಎಷ್ಟೋ ವರ್ಷದಿಂದ ಒತ್ತದ ನಂಬರು ಒತ್ತಿದ. ಹೆಸರು ಅಳಿಸಿ ಹಾಕಿದ್ದ, ನಂಬರು ಬೆರಳಿಗೆ ನೆನಪಿತ್ತು.

"ಹಲೋ," ಎಂದಿತು ಆ ಕಡೆಯ ದನಿ. ಸ್ವಲ್ಪ ಮುದಿಯಾಗಿತ್ತು.

"ಡ್ಯಾಶ್‌ಬೋರ್ಡಿಗೆ ಎಣ್ಣೆ ಹಚ್ಚಿದವ ಯಾರು?"

"ನಾನು. ಎಂತ ಈಗ?"

"ಎಂತ ಈಗ? ಪ್ಲಾಸ್ಟಿಕ್ಕಿಗೆ ಯಾವ ಮಳ್ಳ ಎಣ್ಣೆ ಹಚ್ತಾನೆ? ಅದೆಂತ ತಲೆಯಾ? ತಿಂಗಳಾತು, ಜೀವ ತಿಂತಾ ಇದೆ ನಂದು."

"ಅಪ್ಪ ಹಚ್ತಿದ್ದ."

"ಸುಳ್ಳು ಹೇಳ್ಬೇಡ."

"ನೀ ಹಿಂದಿನ ಸೀಟಲ್ಲಿ ಬಾಯಿ ಕಳ್ದು ಮಲಗ್ತಿದ್ದವ, ನಿಂಗೆಂತ ಗೊತ್ತು. ದೀಪಾವಳಿ ದಿನ ನಮಗೆಲ್ಲ ಎಣ್ಣೆ ಹಚ್ಚಿ ಆದ್ಮೇಲೆ ಬಟ್ಟಲಲ್ಲಿ ಉಳಿದದ್ದು ಕಾರಿಗೆ. ನಮ್ಮನ್ನ ಸಾಕೂದು ಅದೇ ಅಲ್ದಾ, ಅದಕ್ಕೂ ಹಬ್ಬ ಬೇಡ್ವಾ ಅಂತಿದ್ದ. ಅಪ್ಪ ಹೋದ್ಮೇಲೆ ನಾ ಹಚ್ತೆ. ಎಣ್ಣೆ ಬಿದ್ದದ್ದಕ್ಕೇ ಅದು ಇಷ್ಟು ವರ್ಷ ಪುಡಿ ಆಗ್ಲಿಲ್ಲ."

ವಿನೋದನ ಬಾಯಲ್ಲಿ ಉತ್ತರ ಸಿದ್ಧವಿತ್ತು. ಆದರೆ ಜಾಲಿಯಲ್ಲಿ ಮೊಟ್ಟೆಗಳ ಮೇಲೆ ಹಪ್ಪಳದಂತೆ ಉದುರಿದ ಮುಚ್ಚಳ ಕಣ್ಣಿಗೆ ಕಟ್ಟಿತು. ಅದಕ್ಕೆ ಯಾರೂ ಎಣ್ಣೆ ಹಚ್ಚಿರಲಿಲ್ಲ. ಅವನಿಗೆ ಇನ್ನೂ ಸಿಟ್ಟು ಬಂತು.

"ಡ್ಯಾಶ್‌ಬೋರ್ಡು ನನ್ನ ಹತ್ರ ಇರೂದು ನಿಂಗೆ ಹ್ಯಾಂಗೆ ಗೊತ್ತು?"

"ಬೆಡ್‌ಶೀಟಲ್ಲಿ ಕಟ್ಟಿ, ಹುಡುಗಿಯನ್ನ ಬಸ್ಸಿಗೆ ಹತ್ತಿಸಿದವ ನಾನೇ ಮಾರಾಯ. ನೀ ಈಗ ಅದನ್ನ ಮತ್ತಷ್ಟು ಕೆಡಿಸ್ಬೇಡ. ಬಂದು ನೋಡ್ತೆ," ಎಂದು ಮಹಾಗಣಪತಿ ಫೋನು ಇಟ್ಟ.

ಕಲ್ಪನಾ ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದಳು. "ಎಣ್ಣೆ ಹಚ್ಚಿದ್ದು ತಪ್ಪಲ್ಲ. ಹಚ್ಚಿದ್ಮೇಲೆ ಮೀಯ್ಸೂದು ಬೇಡ್ವಾ? ಅಪ್ಪ ಮಕ್ಕಳು ಎಲ್ಲ ಸೇರಿ ಇಷ್ಟು ವರ್ಷ ಎಣ್ಣೆ ಹಚ್ಚಿ ಹಾಗೇ ಬಿಟ್ರಲ್ಲ," ಎಂದು ಒಲೆಯ ಮೇಲೆ ನೀರಿಟ್ಟಳು.

ಹಾಗೆ ಆ ಸಂಜೆ ಬಾವಿಕಟ್ಟೆಯಲ್ಲಿ ಫಿಯೆಟ್ಟಿಗೆ ಸೀಗೆಪುಡಿ ಸ್ನಾನವಾಯಿತು. ಉಗುರು ಬೆಚ್ಚಗಿನ ನೀರಿನಲ್ಲಿ ತುಂಡುಗಳನ್ನು ನೆನೆಹಾಕಿ, ಹಲ್ಲುಜ್ಜುವ ಬ್ರಶ್ಶಿನಲ್ಲಿ ಬಿರುಕು ಬಿರುಕನ್ನೂ ತಿಕ್ಕಿದರು. ಒಣಗಿಸಿ, ಬೆವರು ಬಂದದ್ದನ್ನು ಮತ್ತೆ ತಿಕ್ಕಿದರು. ಪೇಪರು ಒತ್ತಿದರೆ ಪೇಪರಾಗಿಯೇ ಉಳಿಯುವವರೆಗೆ ಬಿಡಲಿಲ್ಲ. ಆಮೇಲೆ ವಿನೋದ ಹಾಕಿದ ಅಂಟು ಹಿಡಿಯಿತು. ಮರುದಿನ ಮಧ್ಯಾಹ್ನದ ಉರಿಬಿಸಿಲಿಗೂ ಬಿಡಲಿಲ್ಲ. ಚೌಕಟ್ಟಿನ ಕಿವಿಗಳು ನಿಂತವು, ಹೊದಿಕೆ ಕೂಡಿತು. ಅವನಿಗೆ ಖುಷಿಯಾಗಬೇಕಿತ್ತು. ಅದರ ಬದಲು ಕಿವಿಯೆಲ್ಲ ರಸ್ತೆಯ ಕಡೆಗಿತ್ತು. ಬಸ್ಸು ನಿಂತ ಸದ್ದಾದಾಗಲೆಲ್ಲ ಜಗುಲಿಗೆ ಬಂದು, ಯಾರೂ ಇಲ್ಲದ್ದು ನೋಡಿ, ಇವನ ಬುದ್ಧಿಯೇ ಇಷ್ಟು ಎಂದು ಒಳಗೆ ಹೋಗುತ್ತಿದ್ದ.

ಮಹಾಗಣಪತಿ ಬಂದದ್ದು ಅದಾದ ಮರುದಿನ, ಹಿತ್ತಲಿನಿಂದ. ಬೇಲಿಯ ತಡಮೆ ದಾಟಿ, ಮಡಚಿದ ಕೊಡೆ ಊರಿಕೊಂಡು, ಬಟ್ಟೆ ಒಣಹಾಕಿದ್ದ ಹಗ್ಗದಡಿ ಬಗ್ಗಿ ಬಂದು ಬಾವಿಕಟ್ಟೆಯ ಹತ್ತಿರ ನಿಂತ.

"ಇದೆಂತ, ಕಳ್ಳನ ಹಂಗೆ ಹಿತ್ಲಿಂದ?" ಎಂದ ವಿನೋದ.

"ಬಾಗ್ಲು ತುಳಿಯೂದಿಲ್ಲ ಅಂದಿದ್ದೆ. ತುಳಿಲಿಲ್ಲ. ಡ್ಯಾಶ್‌ಬೋರ್ಡು ನೋಡೂಕೆ ಬಂದದ್ದು."

"ನೋಡು ಹಂಗಾರೆ. ಮುಟ್ಬೇಡ."

ಮಹಾಗಣಪತಿ ಬಗ್ಗಿ ನೋಡಿದ. ಕನ್ನಡಕ ಏರಿಸಿ ನೋಡಿದ. "ಅಡ್ಡಿಲ್ಲ," ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಅಪ್ಪನಿಗೂ ಸಿಕ್ಕಿರಲಿಲ್ಲ. ಆಮೇಲೆ ಮುಟ್ಟಿದ. ಬರೀ ಮುಟ್ಟಲಿಲ್ಲ, ಮುಚ್ಚಳವನ್ನು ಎತ್ತಿ ಹಿಂದಕ್ಕೆ ಬಗ್ಗಿಸಿದ. ಹೊಸದಾಗಿ ಅಂಟಿಸಿದ್ದ ಕೀಲು ಟಿಕ್ ಎಂದು ಅವನ ಕೈಗೆ ಬಂತು.

"ಇದು ಅಂಟಲಿಲ್ಲ," ಎಂದ ಮಹಾಗಣಪತಿ, ಕೀಲನ್ನು ತೋರಿಸುತ್ತ.

"ಅಂಟಿತ್ತು. ನೀ ಮುಟ್ಟೂವರೆಗೆ ಅಂಟಿತ್ತು. ಮುಟ್ಬೇಡ ಅಂದ್ರೆ ಕನ್ನಡದಲ್ಲಿ ಎಂತ ಅರ್ಥ ನಿಂಗೆ? ಸಣ್ಣಿರುವಾಗ್ಲೂ ಇದೇ. ನಾ ಕಟ್ಟಿದ್ದ ಗಾಳಿಪಟ ಯಾರು ಹರಿದದ್ದು?"

"ಗಾಳಿಪಟ ಹರಿದದ್ದು ಗಾಳಿ."

"ಗಾಳಿಯಂತೆ ಗಾಳಿ. ಒಂದು ಗುಂಡಿ ಹಾಕೂಕೆ ಬರದವ."

"ಅದನ್ನ ನೀ ನಾಕು ಜನ್ರೆದುರು ಹೇಳ್ಬಾರ್ದಿತ್ತು," ಎಂದ ಮಹಾಗಣಪತಿ. ದನಿ ತಗ್ಗಿತ್ತು. ಕೀಲನ್ನು ಅಂಗೈಯಲ್ಲಿ ಮೊಟ್ಟೆಯಂತೆ ಹಿಡಿದುಕೊಂಡಿದ್ದ.

ವಿನೋದ ಅದನ್ನು ಕಸಿದುಕೊಂಡು ಅಂಟಿನ ಟ್ಯೂಬು ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದ. ಹೇಳಬಾರದಿತ್ತು ಎಂದು ಅವನಿಗೂ ಗೊತ್ತಿತ್ತು. "ಹಾಕ್ತೆ ಇದನ್ನ," ಎಂದಷ್ಟೇ ಹೇಳಿದ. "ಕಾರಿಗೆ ಕೂರಿಸ್ದ ಮೇಲೆ ಅಲ್ಲಾಡದಿದ್ರೆ ಬಿಡೂದಿಲ್ಲ."

"ಹೆದ್ದಾರಿ ಹೊಂಡ ನೋಡಿದ್ಯಲ್ಲ. ಕುಮಟೆಯಿಂದ ಭಟ್ಕಳದ ತನ್ಕ ಅಲ್ಲಾಡದೆ ಇರ್ತದಾ? ಮದುಮಗಳ ಎದ್ರು ಬಿಚ್ಚಿ ಬಿದ್ರೆ?" ಮಹಾಗಣಪತಿ ಬಾವಿಯೊಳಗೆ ಇಣುಕಿದ. ಅಲ್ಲಿ ಏನೂ ಇರಲಿಲ್ಲ. "ಒಬ್ಬವ ಮುಂದಿನ ಸೀಟಲ್ಲಿ ಕೂತು ಕೈಯಲ್ಲಿ ಒತ್ತಿ ಹಿಡ್ಕಬೇಕಾಗ್ತದೆ."

ವಿನೋದನೂ ಬಾವಿಯೊಳಗೆ ಇಣುಕಿದ. ಕಲ್ಪನಾಳಿಗೆ ಇನ್ನು ತಡೆಯಲಾಗಲಿಲ್ಲ.

"ಬಾವಾ, ಇದು ಮದುವೆಗೆ ಕರೆದದ್ದಾ, ಕೂಲಿಗೆ ಕರೆದದ್ದಾ? ನೀವಿಬ್ರೂ ಹೀಗೇ ಬಾವಿ ನೋಡ್ತಾ ನಿಂತ್ರೆ ಆ ಹುಡುಗಿಗೆ ಮದುವೆ ಆಗಿ ಮೊಮ್ಮಕ್ಕಳಾಗ್ತಾವೆ. ಜೇಬಲ್ಲಿ ಎಂತದು?"

ಮಹಾಗಣಪತಿಯ ಅಂಗಿಯ ಜೇಬಿನಿಂದ ಪತ್ರಿಕೆಯ ಅರಿಶಿನ ಹಚ್ಚಿದ ಮೂಲೆ ಹೊರಗೆ ಕಾಣುತ್ತಿತ್ತು. ಅದರೊಳಗೆ ಅಕ್ಷತೆಯ ಪೊಟ್ಟಣ. ಬಸ್ಸಿನ ನೂಕುನುಗ್ಗಲಿಗೆ ಎರಡೂ ಮುದ್ದೆಯಾಗಿದ್ದವು. ಅವನು ಅದನ್ನು ತೆಗೆದು ಸ್ವಲ್ಪ ಹೊತ್ತು ಹಿಡಿದುಕೊಂಡ. ಬಾವಿಕಟ್ಟೆಯಲ್ಲಿ ನಿಂತು ಅಕ್ಷತೆ ಕೊಡುವ ಕ್ರಮ ಎಲ್ಲಿಯೂ ಇಲ್ಲ. ಅದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

"ಎಂತಾ ಕರ್ಮ," ಎಂದು ಗೊಣಗಿ, ಕೊಡೆಯೂರುತ್ತ ಮನೆಯನ್ನು ಸುತ್ತು ಹಾಕಿ ಅಂಗಳಕ್ಕೆ ಹೋದ. ವಿನೋದ ಮನೆಯೊಳಗಿನಿಂದ ಓಡಿ ಮುಂಬಾಗಿಲಿಗೆ ಬಂದ. ಓಡಿದ್ದು ಗೊತ್ತಾಗಬಾರದೆಂದು ಉಸಿರು ಹಿಡಿದು ನಿಂತ. ಅಣ್ಣ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಬಾಗಿಲು ತುಳಿದು, ಮುದ್ದೆ ಪತ್ರಿಕೆಯನ್ನೂ ಅಕ್ಷತೆಯನ್ನೂ ತಮ್ಮನ ಕೈಗೆ ಕೊಟ್ಟ.

"ಅಂಕಿತನ ಮದುವೆ. ಇಬ್ರೂ ಮುಂದೆ ನಿಂತು ಮಾಡ್ಸಿಕೊಡಬೇಕು."

"ಆತು," ಎಂದ ವಿನೋದ. ಅಕ್ಷತೆಯ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡ.

ಮದುವೆಯ ದಿನ ಬೆಳಿಗ್ಗೆ ಫಿಯೆಟ್ಟು ಕುಮಟೆಯಿಂದ ಹೊರಟಿತು. ಮಹಾಗಣಪತಿಯದೇ ಡ್ರೈವಿಂಗು. ಹಿಂದೆ ರೇಷ್ಮೆಯುಟ್ಟ ಅಂಕಿತಾ, ಪಕ್ಕದಲ್ಲಿ ಕಲ್ಪನಾ. ಉಳಿದವರೆಲ್ಲ ಬಸ್ಸಿನಲ್ಲಿ. ಮುಂದಿನ ಸೀಟಿನಲ್ಲಿ ಕೂತ ವಿನೋದ ಬಲಗೈಯನ್ನು ಮುಚ್ಚಳದ ಮೇಲಿಟ್ಟು ಒತ್ತಿ ಹಿಡಿದಿದ್ದ. ಈ ಸೀಟಿನಿಂದ ರಸ್ತೆ ಇಷ್ಟು ಅಗಲ ಕಾಣುತ್ತದೆ ಎಂದು ಅವನಿಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ಹೊನ್ನಾವರದ ಹತ್ತಿರ ಹೊಂಡಕ್ಕೆ ಬಿದ್ದು ಕಾರು ಕುಣಿಯಿತು, ಮುಚ್ಚಳ ಕದಲಲಿಲ್ಲ. ಶರಾವತಿಯ ಸೇತುವೆ ದಾಟಿತು. ಹಿಂದಿನಿಂದ ಅಂಕಿತಾ, "ಅಪ್ಪ, ಮೆಲ್ಲಗೆ," ಎಂದಳು. ಅಣ್ಣ ಮೆಲ್ಲಗೆ ಹೊಡೆಯುವವನೇ ಅಲ್ಲ. ಅಂಟು ಕಲ್ಲಿನ ಹಾಗೆ ಹಿಡಿದಿದೆ ಎಂಬುದು ವಿನೋದನಿಗೆ ಅಂಗೈಯಿಂದಲೇ ತಿಳಿಯುತ್ತಿತ್ತು. ಕೈ ಮಾತ್ರ ತೆಗೆಯಲಿಲ್ಲ.

ಮುರ್ಡೇಶ್ವರದ ತಿರುವು ದಾಟಿದ ಮೇಲೆ ಮಹಾಗಣಪತಿ ಎದುರಿಗೆ ನೋಡುತ್ತಲೇ ಹೇಳಿದ.

"ಅದು ಕುಮಟೆಯಲ್ಲೇ ಗಟ್ಟಿ ಹಿಡಿದಿತ್ತು."

"ಗೊತ್ತು."

"ಗೊತ್ತಿದ್ರೆ ಕೈ ತೆಗಿ. ಭುಜ ನೋಯ್ತದೆ."

"ನೀ ರಸ್ತೆ ನೋಡು," ಎಂದ ವಿನೋದ.